ಒಬ್ಬನೇ ತುಂಬಿಸಿದ ಟ್ಯಾಂಕ್

ಎಂಬತ್ತು ಲೀಟರಿನ ಪಾಯಿಖಾನೆ ಟ್ಯಾಂಕನ್ನು ಮೂರೇ ದಿನದಲ್ಲಿ ಏಕಾಂಗಿಯಾಗಿ ತುಂಬಿಸಿದ ಗಂಡಸು ಈ ಹೆದ್ದಾರಿಯಲ್ಲಿ ನಾನೊಬ್ಬನೇ. ಮನೆಗಳಿಗೆಲ್ಲ ಚಕ್ರ ಬಂದ ಮೇಲೆ ನನ್ನಂಥವನು ಹುಟ್ಟಿಲ್ಲ. ಹಿರಿಯೂರಿನಲ್ಲಿ ಟ್ಯಾಂಕ್ ಖಾಲಿ ಮಾಡುವ ಗುಂಡಿ ಕಾಯುವ ಓಬಳಮ್ಮನಿಗೂ ಅದನ್ನೇ ಹೇಳಿದೆ.

“ಹೊತ್ತಿಗೆ ಹನ್ನೆರಡು ಮುದ್ದೆ ನುಂಗ್ತೀನಿ ಕಣಕ್ಕ.”

“ಅಕ್ಕ ಗಿಕ್ಕ ಅಂದ್ರೆ ಬಾರಿಸ್ತೀನಿ. ಬಾಯಿ ಮುಚ್ಕೊಂಡು ಪೈಪ್ ಹಾಕು.”

ಹಾಕಿದೆ. ಮನೆಯೊಳಗೆ ಯಾರ್ಯಾರಿದ್ದಾರೆಂದು ತಿಳಿಯಲು ಗುಂಡಿಯ ಯಂತ್ರ ಎಲ್ಲರದನ್ನೂ ಮೂಸಿ ನೋಡುವಂತೆ ನನ್ನದನ್ನೂ ಮೂಸಿತು. ಮನೆಯ ರಹದಾರಿ ಪತ್ರದಲ್ಲಿ ಹೆಸರಿಲ್ಲದವರು ಮನೆಯೊಳಗೆ ಸಿಕ್ಕರೆ ಅಲ್ಲೇ ರಸ್ತೆಗೆ ಇಳಿಸಿಬಿಡುತ್ತಾರೆ. ಹಿಂದೆ ಸಾಲುಗಟ್ಟಿದ್ದ ಮನೆಗಳವರು ಹಾರ್ನ್ ಬಡಿಯುತ್ತ ನನ್ನ ವಂಶವನ್ನೆಲ್ಲ ಬೈಯುತ್ತಿದ್ದರು.

ಓಬಳಮ್ಮ ಯಂತ್ರದ ಪರದೆ ನೋಡಿ ಕ್ಯಾಕರಿಸಿ ಉಗಿದಳು.

“ಹನ್ನೆರಡು ಮುದ್ದೆ ತಿಂತೀಯ, ಸರಿ. ಏಳು ತಿಂಗಳ ಬಸುರೀನೂ ನೀನೇ ಏನಯ್ಯ?”

ನಾನು ಮನೆಯ ಬಾಗಿಲಿಗೆ ಅಡ್ಡ ನಿಂತೆ.

“ಒಳಗಿರೋದು ಯಾರು? ಇಳಿಸು.”

“ನನ್ನ ತಂಗಿ. ಗಂಡ ರಹದಾರಿಯಿಂದ ಹೆಸರು ತೆಗೆಸಿ ದಾರೀಲಿ ಬಿಟ್ಟೋದ. ಮುದ್ದೆ ಕತೆಯೆಲ್ಲ ಸುಳ್ಳು ಕಣಮ್ಮ. ಮನೇಲಿರೋ ಹಿಟ್ಟೆಲ್ಲ ಅವಳಿಗೇ ಬೇಯಿಸಿ ಹಾಕ್ತಿದೀನಿ. ಮೂರು ದಿನದಿಂದ ಆ ಟ್ಯಾಂಕಲ್ಲಿ ನಂದು ಅಂತ ಇರೋದು ಬರೀ ನೀರು.”