ಅಣ್ಣನ ಪಥ್ಯ

ತಮ್ಮ ಕಣ್ಣು ಬಿಟ್ಟಾಗ ಬಾಯಿ ತುಂಬ ರಕ್ತ. ಉಗಿದ. ರಕ್ತದ ಜೊತೆ ಅರ್ಧ ಹಲ್ಲೂ ಬಂತು. ಮರ ಕೊಯ್ಯೋ ಮಿಲ್ಲಿನ ನೆಲದಲ್ಲಿ, ಮರದ ಹೊಟ್ಟಿನ ಮೇಲೆ ಮಕಾಡೆ ಬಿದ್ದಿದ್ದಾನೆ. ಹುಬ್ಬು ಸೀಳಿದೆ. ನಾಲಿಗೆ ಕಚ್ಚಿಹೋಗಿದೆ. ಪಕ್ಕದಲ್ಲಿ ಅಣ್ಣ ಏದುಸಿರು ಬಿಡ್ತಾ ಕೂತಿದ್ದಾನೆ, ಅಂಗಿ ಹರಿದು ಚಿಂದಿ.

"ನನಗೇ ಬಂತು ಕಣೋ, ಫಿಟ್ಸು," ಅಂದ ಅಣ್ಣ. "ನಿನ್ನ ಮೇಲೇ ಬಿದ್ದೆ. ಕೈಕಾಲು ಬಡಿದುಬಿಟ್ಟೆ. ಬೇಜಾರು ಮಾಡ್ಕೋಬೇಡ."

"ಹೋದ ಸಲ ಪಕ್ಕೆಲುಬು. ಈ ಸಲ ಹಲ್ಲು. ಮುಂದಿನ ಸಲ ಕತ್ತು ಮುರಿದು, ಬೇಜಾರು ಮಾಡ್ಕೋಬೇಡ ಅಂತೀಯ!"

ಏಟು ಬಿದ್ದದ್ದು ಅವನಿಗೆ ನೆನಪಿಲ್ಲ. ಯಾವತ್ತೂ ನೆನಪಿರ್ತಿರಲಿಲ್ಲ. ತಲೆಗೆ ಬೀಳೋ ಏಟು ಹೇಳಿ ಕೇಳಿ ಬೀಳುತ್ತಾ, ಹೇಳಿ? ನೆನಪಿರೋದು ಒಂದೇ, ಸುಟ್ಟ ಕೂದಲಿನ ವಾಸನೆ. ಅಣ್ಣನಿಗೆ ಫಿಟ್ಸು ಬರೋ ಮುಂಚೆ ತಮ್ಮನ ಮೂಗಿಗೆ ಅದು ಬಡಿಯೋದು. ಭೂಕಂಪ ನಾಯಿಗೆ ಮೊದಲು ಗೊತ್ತಾಗಲ್ವಾ, ಹಾಗೇ ಇದೂ ಅಂದ್ಕೊಂಡಿದ್ದ.

ಕಾಯಿಲೆ ಅವರಪ್ಪನದು. ಬೀದೀಲಿ ಬಿದ್ದು ಒದ್ದಾಡೋನು ಮನುಷ್ಯ. ಜನ ಸುತ್ತ ನಿಂತು ನಗೋರು, ಕುಡುಕ ಅಂತ ಒದೆಯೋರು. ಒಂದಿನ ಹಾಗೇ ಒದೆಸಿಕೊಂಡು ಸತ್ತ. ಹೆಣ ಮನೆಗೆ ಬಂದ ದಿನ ತಮ್ಮ ಗರಗಸ ತೋರಿಸಿ, "ಅಣ್ಣಾ, ನನಗೇನಾದ್ರೂ ಇದು ಬಂದ್ರೆ ನಾನೇ ಇದಕ್ಕೆ ಕತ್ತು ಕೊಡ್ತೀನಿ," ಅಂದಿದ್ದ. ಬಾಯಿಮಾತಲ್ಲ, ಆ ಹುಡುಗ ಕೊಡೋನೇ.

ಬಂದಿದ್ದು ಅಣ್ಣನಿಗೆ.

ಡಾಕ್ಟರ ಹತ್ತಿರ ಇಬ್ಬರೂ ಹೋಗೋರು. ವಂಶದ ಕಾಯಿಲೆ ನೋಡಿ, ಇಬ್ಬರ ತಲೆಗೂ ತಂತಿ ಅಂಟಿಸಿ ಪರೀಕ್ಷೆ. ಆಮೇಲೆ ಅಣ್ಣ ಒಬ್ಬನೇ ಒಳಗೆ ಕೂತು ಮಾತಾಡಿ ಬರೋನು. ಹಾಗೆ ಬಂದದ್ದು ಈ ಪಥ್ಯ. ಬೆಣ್ಣೆ, ಮೊಟ್ಟೆ, ಮಾಂಸ, ಸೊಪ್ಪು, ಇಷ್ಟೇ. ಬ್ರೆಡ್ಡಿಲ್ಲ, ಆಲೂಗಡ್ಡೆ ಇಲ್ಲ, ಸಕ್ಕರೆ ಹರಳು ಕೂಡ ಇಲ್ಲ. ಹಿಟ್ಟು, ಸಕ್ಕರೆ ಹೊಟ್ಟೆಗೆ ಬಿದ್ರೆ ಫಿಟ್ಸು ಬರುತ್ತಂತೆ. ಮಿಲ್ಲಿನ ಹಿಂದೇನೇ ಮನೆ. ಅತ್ತಿಗೆ ತೂಕ ಹಾಕಿ ಬಡಿಸೋಳು, ಇಬ್ಬರಿಗೂ ಒಂದೇ ಪಾತ್ರೆಯಿಂದ.

"ಅವನ ಕಾಯಿಲೆಗೆ ನಾನ್ಯಾಕೆ ಬಾಯಿ ಕಟ್ಟಬೇಕು ಅತ್ತಿಗೆ?"

"ನೀನು ಎದುರಿಗೆ ಕೂತು ಬನ್ನು ಮುಕ್ಕಿದ್ರೆ ನಿಮ್ಮಣ್ಣ ಬೆಣ್ಣೆ ನೆಕ್ಕೊಂಡು ಕೂರ್ತಾರಾ? ತಿನ್ನು, ಸುಮ್ನೆ."

ನಾಲಿಗೆ ಒಂದೇ ಅಲ್ಲ. ಬೈಕು ಮುಟ್ಟೋ ಹಾಗಿಲ್ಲ. ಈಜೋ ಹಾಗಿಲ್ಲ. ಬಚ್ಚಲ ಬಾಗಿಲಿಗೆ ಚಿಲಕ ಇಲ್ಲ. ಒಬ್ಬನೇ ಊರು ಸುತ್ತೋ ಹಾಗಿಲ್ಲ, ಬಾಲದ ಹಾಗೆ ಅಣ್ಣ. "ನಾನು ಬಿದ್ರೆ ಹಿಡಿಯೋಕೆ ನೀನು ಬೇಕಲ್ಲೋ!"

ದಿಮ್ಮಿ ಕೊಯ್ಯೋಕೆ ಇಬ್ಬರು ಬೇಕು. ಒಬ್ಬ ಗರಗಸದ ಮುಂದೆ ನಿಂತು ದಿಮ್ಮಿ ತಳ್ಳಬೇಕು. ಇನ್ನೊಬ್ಬ ಆಚೆ ದೂರದಲ್ಲಿ ನಿಂತು ಹಲಗೆ ಎಳ್ಕೋಬೇಕು. ತಳ್ಳೋನ ಕೈಗೂ ಚಕ್ರದ ಹಲ್ಲಿಗೂ ಒಂದೇ ಗೇಣು. ಅಲ್ಲಿ ಯಾವಾಗಲೂ ಅಣ್ಣನೇ. ಫಿಟ್ಸಿನ ಮನುಷ್ಯ! ಗುಂಡಿಗೆ ನೋಡಿ ಅವನದು.

ಮುರಿದ ಹಲ್ಲಿನ ಜೊತೆ ಅಣ್ಣನ ಮೇಲಿದ್ದ ಕರುಳಿನ ನಂಟೂ ಕಿತ್ತುಹೋಯ್ತು. ಅಣ್ಣ ಆ ಗರಗಸದ ಮುಂದೇನೇ ಬೀಳಲಿ ಅಂದ್ಕೊಂಡ ತಮ್ಮ. ಬೀಳಬೇಕು ಅಂದ್ರೆ ಪಥ್ಯ ಕೆಡಬೇಕು.

ಅತ್ತಿಗೆ ಆಚೆ ತಿರುಗಿದಾಗೆಲ್ಲ ಮಾಂಸದ ಸಾರಿಗೆ ಹಿಟ್ಟು ಕದಡಿದ.

"ಇದೇನು, ಸಾರು ಇಷ್ಟು ಮಂದ ಆಗಿದೆ?" ಅಂದಳು ಅತ್ತಿಗೆ.

"ಮೂಳೆ ಚೆನ್ನಾಗಿ ಬೆಂದಿದೆ ಅತ್ತಿಗೆ. ಅಣ್ಣನಿಗೆ ಇನ್ನೊಂದು ಸೌಟು ಹಾಕಿ, ಪಾಪ."

ಅನುಮಾನ ಬರಬಾರದಲ್ಲ, ತಾನೂ ಎರಡು ಸೌಟು ಜಾಸ್ತೀನೇ ಹೊಡೆದ. ಮಿಲ್ಲಿನ ಪಕ್ಕದ ಬೇಕರಿಯಿಂದ ಸಕ್ಕರೆ ಸವರಿದ ಬನ್ನು ತಂದು ದಿಮ್ಮಿಗಳ ಸಂದಿಯಲ್ಲಿ ಕೂತು ಬೇರೆ ತಿಂದ. ಅಣ್ಣ ಇನ್ನೂ ಬದುಕಿರುವಾಗಲೇ ಹಬ್ಬ!

ಆವತ್ತು ಮಟಮಟ ಮಧ್ಯಾಹ್ನ. ದಿಮ್ಮಿ ಏರಿಸಿದ್ರು. ಗರಗಸ ಕಿರುಚೋಕೆ ಶುರುವಾಯ್ತು. ತಮ್ಮ ತನ್ನ ಜಾಗ ಬಿಟ್ಟು ಬಂದು ಅಣ್ಣನ ಬೆನ್ನ ಹಿಂದೆ ನಿಂತ.

"ಇಲ್ಯಾಕೋ ಬಂದೆ? ಆಚೆ ಹೋಗು!" ಅಣ್ಣ ಅರಚಿದ. ಅಷ್ಟು ಗಾಬರಿ ಯಾಕೋ ಅವನಿಗೆ.

"ನೀನು ಬಿದ್ರೆ ಹಿಡಿಯೋಕೆ ಅಣ್ಣಾ."

"ಹೋಗೋ ಅಂದ್ರೆ!"

ಆಗ ಬಂತು. ಸುಟ್ಟ ಕೂದಲಿನ ವಾಸನೆ, ಘಮ್ಮಂತ. ತಮ್ಮ ಹಲ್ಲು ಕಿರಿದ. ಇನ್ನೇನು ಬಿದ್ದ ಇವನು. ಒಂದು ಸಣ್ಣ ನೂಕು ಸಾಕು. ಎರಡೂ ಕೈ ಎತ್ತಿದ. ಅಣ್ಣ ತಿರುಗಿ ನೋಡಿದ.

ಕಣ್ಣು ಬಿಟ್ಟಾಗ ಬಾಯಿ ತುಂಬ ರಕ್ತ. ಮರದ ಹೊಟ್ಟು ಕೆಂಪಗೆ ಕೆಸರಾಗಿತ್ತು. ಗರಗಸ ಇನ್ನೂ ಕಿರುಚ್ತಾನೇ ಇತ್ತು. ಮೂಗಿನ ನೇರಕ್ಕೆ ಒಂದು ಕೈ ಬಿದ್ದಿತ್ತು, ಮೊಣಕೈಗೆ ತುಂಡಾದದ್ದು. ಅಣ್ಣನದು. ತಮ್ಮ ನಗೋಕೆ ಹೋದ. ಆಮೇಲೆ ಬೆರಳು ನೋಡಿದ. ಆ ಬೆರಳುಗಳ ಮುಷ್ಟಿಯಲ್ಲಿ ಒಂದು ಕಾಲರಿತ್ತು. ಕತ್ತು ಮುಟ್ಟಿ ನೋಡ್ಕೊಂಡ. ತನ್ನ ಅಂಗಿಗೆ ಕಾಲರೇ ಇಲ್ಲ.

ಅತ್ತಿಗೆ ಅಣ್ಣನ ಮೊಂಡು ತೋಳಿಗೆ ಬಟ್ಟೆ ಬಿಗೀತಾ ಚೀರ್ತಿದ್ದಳು. "ಇವತ್ತಾದ್ರೂ ಬಾಯಿ ಬಿಡ್ರೀ! ಒದ್ದಾಡಿ ಬೀಳೋನು ಅವನು, ಹೆಸರು ನಿಮ್ಮದು. ಒಂದು ದಿನವಾದ್ರೂ ಬಂದಿತ್ತೇನ್ರೀ ನಿಮಗೆ ಫಿಟ್ಸು?"

ಅಣ್ಣ ಸುಣ್ಣದ ಹಾಗೆ ಬಿಳಿಚಿದ ಮುಖವನ್ನ ಮೆಲ್ಲಗೆ ತಮ್ಮನ ಕಡೆ ಹೊರಳಿಸಿದ. "ಅವಳು ಏನೋ ಒದರ್ತಾಳೆ ಬಿಡೋ. ನನಗೇ ಬಂತು ಕಣೋ... ಬೇಜಾರು ಮಾಡ್ಕೋಬೇಡ."