ಕೆರೆಗೆ ಬಿಟ್ಟ ಔಷಧಿ

ಸತ್ತವರ ಸಾಮಾನು ಮನೆಯಲ್ಲಿ ಇಟ್ಟುಕೊಳ್ಳಬಾರದು, ನೀರಿಗೆ ಬಿಡಬೇಕು ಅನ್ನುವುದು ಅವರ ಮನೆತನದ ಪದ್ಧತಿ. ಅವ್ವನ ತಿಥಿ ಮುಗಿದ ಮಧ್ಯಾಹ್ನ ಅವನು ಅವಳ ಹಳೇ ಸೀರೆ, ಊರುಗೋಲಿನ ಜೊತೆಗೆ ಔಷಧಿ ಚೀಲವನ್ನೂ ಕೆರೆಗೆ ಸುರಿದು ಬಂದ.

ಆಸ್ಪತ್ರೆಯಲ್ಲಿ ನರ್ಸಾಗಿದ್ದ ತಂಗಿ ಔಷಧಿ ಇಡುತ್ತಿದ್ದ ಗೋಡೆಗೂಡು ಖಾಲಿಯಾಗಿದ್ದು ನೋಡಿ ಹೌಹಾರಿದಳು.

“ಅಣ್ಣ, ಅವು ಕ್ಯಾನ್ಸರಿನ ಮಾತ್ರೆ! ಉಳಿದದ್ದನ್ನ ಆಸ್ಪತ್ರೆಗೇ ವಾಪಸ್ ಕೊಡೋಣ ಅಂತ ಎಷ್ಟು ಬಡ್ಕೊಂಡಿದ್ದೆ! ಊರೆಲ್ಲ ಕುಡಿಯೋದು ಅದೇ ಕೆರೆ ನೀರು.”

“ಅಷ್ಟು ದೊಡ್ಡ ಕೆರೆಗೆ ಒಂದು ಚೀಲ ಮಾತ್ರೆ ಯಾವ ಲೆಕ್ಕ?”

“ಪುರಸಭೆಗೆ ಒಂದು ಮಾತು ತಿಳಿಸು. ನೀರು ಪರೀಕ್ಷೆ ಮಾಡ್ಲಿ.”

“ತಿಳಿಸಿದ್ರೆ ನನ್ನ ಸುಮ್ನೆ ಬಿಡ್ತಾರಾ? ನೀನು ಬಾಯಿ ಮುಚ್ಕೊಂಡಿರು.”

ತಂಗಿ ದುಮುಗುಡುತ್ತ ಒಳಗೆ ಹೋದಳು. ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹತ್ತು ಸಲ ಗಡಿಯಾರ ನೋಡಿದ. ಹೆಂಡತಿ ನೀರು ತಂದುಕೊಟ್ಟಳು. ಲೋಟ ತುಟಿಯವರೆಗೆ ಒಯ್ದವನು ಹಾಗೇ ಕೆಳಗಿಟ್ಟ.

“ಇದು ಯಾವತ್ತು ಹಿಡಿದದ್ದು?”

“ನಿನ್ನೇದು ಕಣ್ರೀ. ಇವತ್ತಿನದು ಬರೋದು ನಾಲ್ಕು ಗಂಟೆಗಲ್ವಾ?”

ಅವನು ಗಟಗಟನೆ ಕುಡಿದು ಮೀಸೆ ಒರೆಸಿಕೊಂಡ.

“ಇವತ್ತು ನಲ್ಲಿ ನೀರು ಹಿಡೀಬೇಡ. ಅಂಗಡಿಯಿಂದ ಕ್ಯಾನ್ ತರಿಸು. ಮಗೂಗೂ ಅದನ್ನೇ ಕುಡಿಸು.”

ಗಡಿಯಾರ ನಾಲ್ಕು ಹೊಡೆಯಿತು. ಅವನು ಬಾಗಿಲ ಹಿಂದಿದ್ದ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ, ದಿನದಂತೆ ಊರಿಗೆ ನೀರು ಬಿಡಲು ಹೊರಟ.