ಬೆನ್ನಿನಿಂದ ಸೀಳಿದ ಮೀನು

ಆರಸೇಲಿ ಹಿತ್ತಲ ಗೋಡೆಗೆ ಮೂಗು ಚಾಚಿ ನಿಂತಿದ್ದಾಗಲೇ ಅತ್ತೆ ಕೂಕಾಳ ಕೈಗೆ ಸಿಕ್ಕಿಬಿದ್ದಳು.

“ತುಂಬಿದ ಬಸುರಿ, ಈ ಉರಿಬಿಸಿಲಲ್ಲಿ ಅಲ್ಲೇನೇ ಮಾಡ್ತಿದೀಯಾ?”

“ಏನಿಲ್ಲ ಅತ್ತೆ. ಸ್ವಲ್ಪ ಗಾಳಿ ತಗೊಳ್ತಿದ್ದೆ.”

“ಗಾಳಿ ಬರೋದು ಸಮುದ್ರದ ಕಡೆಯಿಂದ. ಚೋಲೆ ಮನೆ ಕಡೆಯಿಂದ ಬರ್ತಿರೋದು ಹೊಗೆ.”

ಹೊಗೆಯೇ ಹೌದು. ಭಾನುವಾರದ ಮಧ್ಯಾಹ್ನ, ಪಕ್ಕದ ಮನೆಯ ಚೋಲೆ ಉಪ್ಪುನೀರಲ್ಲಿ ಬೆಳೆವ ಕಾಂಡ್ಲಾ ಮರದ ಕಟ್ಟಿಗೆಯ ಕೆಂಡದ ಮೇಲೆ ಮೀನು ಸುಡುತ್ತಿದ್ದಳು. ಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆರಸ ಮೆತ್ತಿದ ಮೀನಿನ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಾಗ ಏಳುವ ವಾಸನೆ ಎಂಥವರ ಬಾಯಲ್ಲೂ ನೀರೂರಿಸುತ್ತದೆ. ಇನ್ನು ಬಸುರಿಯ ಪಾಡು ಕೇಳಬೇಕೆ? ಆದರೆ ಕೂಕಾಳ ಗಂಡ ನಿಕನೋರ್ ಚಂಡಮಾರುತಕ್ಕೆ ಸಿಕ್ಕಿ, ಅವನ ದೋಣಿಯೊಂದೇ ದಡಕ್ಕೆ ಬಂದು ಬಿದ್ದ ದಿನದಿಂದ ಈ ಮನೆಯ ಹೊಸ್ತಿಲನ್ನು ಮೀನು ದಾಟಿರಲಿಲ್ಲ. ಹೆಣವೂ ಸಿಗಲಿಲ್ಲ. ಸತ್ತವರ ಹಬ್ಬದಲ್ಲಿ ಊರವರೆಲ್ಲ ಸಮಾಧಿಗೆ ಹೂ ಹೊತ್ತು ಹೋದರೆ ಕೂಕಾ ಹೂವಿನ ಬುಟ್ಟಿ ಹಿಡಿದು ಎಲ್ಲಿಗೆ ಹೋಗಬೇಕೋ ತಿಳಿಯದೆ ಜಗಲಿಯಲ್ಲೇ ಕೂತಿದ್ದಳು. ಮಗ ದೋಣಿ ಮಾರಿ ಬಾಡಿಗೆ ಕಾರು ಓಡಿಸತೊಡಗಿದ. ಮನೆಯಲ್ಲಿ ಕಾಳು, ಕೋಳಿ, ಮೊಟ್ಟೆ ಬೆಂದವು. ಯಾಕೆಂದು ಯಾರೂ ಕೇಳಲಿಲ್ಲ.

“ನಾನು ಮೀನಿನೂರಿನವಳೇ ಅಲ್ಲ ಅತ್ತೆ, ಘಟ್ಟದ ಮೇಲಿನ ಕಬ್ಬಿನೂರಿನವಳು,” ಆರಸೇಲಿ ಹೊಟ್ಟೆ ಸವರಿಕೊಂಡಳು. “ನನಗೇನೂ ಬೇಡ. ಹಟ ಮಾಡ್ತಿರೋದು ಇದು.”

ಗೋಡೆಯಾಚೆಯಿಂದ ಚೋಲೆಯ ದನಿ ಬಂತು. “ಕೂಕಾ, ಬಸುರಿ ಬಯಕೆ ತೀರಿಸದಿದ್ರೆ ಕೂಸು ಬಾಯಿ ಬಿಟ್ಕೊಂಡೇ ಹುಟ್ಟುತ್ತೆ ಕಣೇ! ಕಳಿಸು ಇಲ್ಲಿಗೆ, ನಾಲ್ಕು ಟಾಕೊ ಸುತ್ತಿ ತಿನ್ನಿಸಿ ಕಳಿಸ್ತೀನಿ.”

ಕೂಕಾಳಿಗೆ ಮೈಯೆಲ್ಲ ಉರಿದುಹೋಯಿತು. “ನನ್ನ ಸೊಸೆ ನಿನ್ನ ಬಾಗಿಲಲ್ಲಿ ನಿಂತು ತಿನ್ನೋ ಗತಿ ಇನ್ನೂ ಬಂದಿಲ್ಲ! ಹಸಿ ಮೀನಿದ್ರೆ ಕೊಡು. ನಮ್ಮನೇಲೂ ಒಲೆ ಇದೆ.”

ಮಾತು ಬಾಯಿಂದ ಬಿದ್ದ ಮೇಲೇ ತಾನೇನು ಕೇಳಿದೆನೆಂದು ಅವಳಿಗೆ ಹೊಳೆಯಿತು. ಚೋಲೆಯೋ, ಇದಕ್ಕೇ ಕಾದಿದ್ದವಳಂತೆ, ಆಗಷ್ಟೇ ದೋಣಿಯಿಂದಿಳಿದ ಕೆಂಪು ಪಾರ್ಗೋ ಮೀನೊಂದನ್ನು ಇಡಿಯಾಗಿ ತಟ್ಟೆಯಲ್ಲಿ ಮಲಗಿಸಿ ಗೋಡೆ ಮೇಲೆ ಇಟ್ಟೇಬಿಟ್ಟಳು.

ಕೂಕಾ ಕೆಂಡ ಮಾಡಿ ಬರುವಷ್ಟರಲ್ಲಿ ಆರಸೇಲಿ ಮೀನನ್ನು ಹಲಗೆಗೆ ಹಾಕಿ, ತಮ್ಮೂರಿನ ಕೆರೆಮೀನಿಗೆ ಮಾಡುವಂತೆ ಹೊಟ್ಟೆಗೆ ಚಾಕು ಇಡುತ್ತಿದ್ದಳು.

“ಅಯ್ಯೋ ಪುಣ್ಯಾತಗಿತ್ತಿ! ಕೆಂಡಕ್ಕೆ ಹಾಕೋ ಮೀನನ್ನ ಹೊಟ್ಟೆಯಿಂದ ಸೀಳ್ತಾರಾ? ರಸವೆಲ್ಲ ಬೂದಿ ಪಾಲಾಗುತ್ತೆ. ಬೆನ್ನಿಂದ ಸೀಳ್ಬೇಕು. ಕೊಡಿಲ್ಲಿ!”

ಚಾಕು ಕೈಗೆ ಬಂದದ್ದೇ ಕೂಕಾಳ ಕೈ ಹಳೆಯ ಚಾಳಿಗೆ ಬಿತ್ತು. ತಲೆಯಿಂದ ಬಾಲದವರೆಗೆ ಬೆನ್ನುಮೂಳೆಗೆ ಒತ್ತಿ ಎಳೆದಳು. ಮೀನು ಪುಸ್ತಕದ ಹಾಗೆ ತೆರೆದುಕೊಂಡಿತು. ಕರುಳು ಕಿತ್ತು ಪಕ್ಕಕ್ಕಿಟ್ಟಳು. ಅದರ ಜೊತೆ ಜಠರದ ಚೀಲ ಉಬ್ಬಿಕೊಂಡು ಬಂತು. ಅದನ್ನು ಯಾರೂ ಬಿಚ್ಚಿ ನೋಡುವುದಿಲ್ಲ, ಹಾಗೇ ಬೆಕ್ಕಿಗೆ ಎಸೆಯುತ್ತಾರೆ. ಕೂಕಾ ಎಸೆಯಲಿಲ್ಲ. ಚಾಕುವಿನ ಮೊನೆಯನ್ನು ಅದರ ಮೇಲಿಟ್ಟು ನಿಂತುಬಿಟ್ಟಳು.

“ಅತ್ತೆ, ಏನಾಯ್ತು? ನನಗೆ ಬೇಡ ಬಿಡಿ. ನಿಜವಾಗ್ಲೂ ಬೇಡ.”

“ಅವನ ಉಂಗುರ,” ಅಂದಳು ಕೂಕಾ. “ಮದುವೆ ಉಂಗುರ. ಬೆರಳು ದಪ್ಪ ಆಗಿ ಅದು ಕಳಚ್ತಾನೇ ಇರ್ಲಿಲ್ಲ. ಇಷ್ಟು ದಿನ ನಾನು ಮೀನು ಮುಟ್ಟಿಲ್ಲ, ಶೋಕ ಅಂತ ತಿಳ್ಕೊಂಡಿದೀರಿ ನೀವೆಲ್ಲ. ಶೋಕ ಅಲ್ಲ ಮಗಳೇ, ಹೆದರಿಕೆ. ಯಾವುದೋ ಒಂದು ಮೀನಿನ ಹೊಟ್ಟೇಲಿ ಅದು ಸಿಕ್ಕಿಬಿಟ್ರೆ ನಾನು ಬದುಕೋದು ಹೇಗೆ?”

ಆರಸೇಲಿ ಹಲಗೆಯ ಹತ್ತಿರ ಸರಿದಳು. ಅತ್ತೆಯ ಒದ್ದೆ ಕೈಯ ಮೇಲೆ ತನ್ನ ಕೈಯಿಟ್ಟಳು. ಇಬ್ಬರ ಕೈಯೂ ಸೇರಿ ಆ ಚೀಲವನ್ನು ಕೊಯ್ದವು. ಒಳಗಿದ್ದದ್ದು ಅರೆ ಕರಗಿದ ಸಿಗಡಿ, ಏಡಿಯ ಒಂದು ಪುಟ್ಟ ಕಾಲು. ಅಷ್ಟೇ.

“ಸಿಗಡಿ ತಿಂದಿದೆ ಹಾಳಾದ್ದು! ನಮಗಿಂತ ಚೆನ್ನಾಗಿ ಉಂಡಿದೆ!” ಕೂಕಾ ನಕ್ಕಳು. ನಗುತ್ತಲೇ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಮಸಾಲೆ ಮೆತ್ತಿ, ಮೀನನ್ನು ಜಾಲರಿಯ ನಡುವೆ ಸಿಕ್ಕಿಸಿ ಕೆಂಡದ ಮೇಲಿಟ್ಟಳು.

ಬಿಸಿ ಟೋರ್ಟಿಯಾ ರೊಟ್ಟಿಯಲ್ಲಿ ಎಳೆಎಳೆಯಾದ ಮೀನು, ಹೆಚ್ಚಿದ ಎಲೆಕೋಸು, ಖಾರ, ಮೇಲೊಂದಿಷ್ಟು ನಿಂಬೆ. ಆರಸೇಲಿ ಗಲ್ಲಕ್ಕೆಲ್ಲ ರಸ ಸುರಿಸಿಕೊಂಡು ತಿಂದಳು. ನಾಚಿಕೆಯನ್ನೆಲ್ಲ ಬದಿಗಿಟ್ಟು ಮತ್ತೆ ಮತ್ತೆ ಕೈಯೊಡ್ಡಿದಳು. ಕೊನೆಗೊಂದನ್ನು ತಾನೇ ಸುತ್ತಿ ಅತ್ತೆಯ ಬಾಯಿಗೆ ಹಿಡಿದಳು. ಕೂಕಾ ಕಣ್ಣು ಮುಚ್ಚಿ ಅಗಿದಳು. ಸಮುದ್ರದ ಮೇಲೆ ಅಷ್ಟು ಕೋಪವಿದ್ದರೂ ಮೀನು ರುಚಿಯಾಗಿಯೇ ಇತ್ತು. ಸೊಸೆಯ ಮುಖದಲ್ಲಿ ಬಯಕೆ ತೀರಿದ ಸುಖ. ಮನೆಗೆ ಹಿಡಿದಿದ್ದ ಗ್ರಹಚಾರ ಬಿಟ್ಟಿತೆಂದು ಆ ಹುಡುಗಿ ಮನಸ್ಸಿನಲ್ಲೇ ಮಾತೆ ಮರಿಯಳಿಗೆ ಕೈಮುಗಿದಳು.

ಊಟ ಮುಗಿದ ಮೇಲೆ ಚೋಲೆಯ ತಟ್ಟೆ ಹಿಂದಿರುಗಿಸಲು ಕೂಕಾ ಗೋಡೆಯ ಬಳಿಗೆ ಹೋದಳು.

“ಹೇಗಿತ್ತೇ ಮೀನು?”

“ಚೆನ್ನಾಗಿತ್ತು. ನಾಳೆಗೂ ಒಂದು ಎತ್ತಿಡು. ನಾಡಿದ್ದಿಗೂ.” ಕೂಕಾ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಕರುಳು ಮಾತ್ರ ತೆಗೀಬೇಡ. ನಿಮ್ಮನೆ ಮೀನಿಂದು ತೆಗೆದಿದ್ರೆ ಅದನ್ನೂ ಬೆಕ್ಕಿಗೆ ಹಾಕ್ಬೇಡ. ನನಗೆ ಕೊಡು.”